ಪರ್ಫಾರ್ಮೆನ್ಸ್ ಕಾರಿಗೆ ಎಂಜಿನ್ ಟ್ಯೂನಿಂಗ್ ಡಿವೈಸ್: ಪದೇ ಪದೇ ಕೇಳುವ ಪ್ರಶ್ನೆಗಳು

"ಯಾವ ಡಿವೈಸ್ ತಗೊಳ್ಳಲಿ?" ಎಂದು ಕೇಳಿದವರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ: "ನಿಮ್ಮ ಕಾರಿಗೆ ಮ್ಯಾಪ್ ಯಾರು ಬರೆದುಕೊಡುತ್ತಾರೆ?" ಹೆಚ್ಚಿನವರ ಹತ್ತಿರ ಇದಕ್ಕೆ ಉತ್ತರ ಇರುವುದಿಲ್ಲ. ಡಿವೈಸ್ ಕೈಗೆ ಸಿಗುತ್ತದೆ, ಬಣ್ಣದ ಸ್ಕ್ರೀನ್ ಇರುತ್ತದೆ. ಮ್ಯಾಪ್ ಎಂದರೆ ಎಂಜಿನ್ ಹೇಗೆ ಓಡಬೇಕೆಂದು ಹೇಳುವ ಸಂಖ್ಯೆಗಳ ಫೈಲ್, ಅದು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಮೊದಲು ಡಿವೈಸ್ ಕೊಂಡು, ಆಮೇಲೆ ಅದರೊಳಗೆ ಏನು ಹಾಕುವುದು ಎಂದು ಹುಡುಕಲು ಹೊರಡುತ್ತಾರೆ. ನನ್ನ ಉತ್ತರಗಳೆಲ್ಲ ಇದರ ಉಲ್ಟಾ ಹೋಗುತ್ತವೆ.

ಈ ಡಿವೈಸ್ ನಿಜವಾಗಿ ಏನು ಮಾಡುತ್ತದೆ?

ನಿಮ್ಮ ಕಾರಿನ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಒಳಗೆ ನೂರಾರು ಕೋಷ್ಟಕಗಳಿವೆ. ಒಂದು ಕಡೆ ಎಂಜಿನ್ ವೇಗ, ಇನ್ನೊಂದು ಕಡೆ ಲೋಡ್ (ಎಂಜಿನ್ ಮೇಲಿನ ಹೊರೆ), ನಡುವಿನ ಪ್ರತಿ ಚೌಕದಲ್ಲಿ ಒಂದು ಸಂಖ್ಯೆ. 4,000 ಆರ್‌ಪಿಎಂ, ಫುಲ್ ಲೋಡ್ ಇರುವ ಚೌಕದಲ್ಲಿ 8 ಎಂದು ಬರೆದಿದೆ ಅಂದುಕೊಳ್ಳಿ. ಪಿಸ್ಟನ್ ಮೇಲಕ್ಕೆ ಮುಟ್ಟಲು ಕ್ರ್ಯಾಂಕ್ ಇನ್ನೂ 8 ಡಿಗ್ರಿ ತಿರುಗಬೇಕು ಎನ್ನುವಾಗ ಸ್ಪಾರ್ಕ್ ಕೊಡು ಎಂದು ಅದರ ಅರ್ಥ. ಇದೇ ತರ ಪೆಟ್ರೋಲ್ ಎಷ್ಟು, ಟರ್ಬೋ ಬೂಸ್ಟ್ (ಟರ್ಬೋ ಒಳಗೆ ತಳ್ಳುವ ಗಾಳಿಯ ಒತ್ತಡ) ಎಷ್ಟು, ಪೆಡಲ್ ಇಷ್ಟು ಒತ್ತಿದರೆ ಟಾರ್ಕ್ ಎಷ್ಟು ಎನ್ನುವುದಕ್ಕೆಲ್ಲ ಒಂದೊಂದು ಕೋಷ್ಟಕ. ಟ್ಯೂನಿಂಗ್ ಎಂದರೆ ಈ ಸಂಖ್ಯೆಗಳನ್ನು ಬದಲಿಸುವುದು. ಡಿವೈಸ್ ಅದಕ್ಕೆ ದಾರಿ ಮಾಡಿಕೊಡುತ್ತದೆ, ಅಷ್ಟೇ.

ಹಾಗಾದರೆ ಕಂಪನಿಯವರೇ ಯಾಕೆ ಪೂರ್ತಿ ಪವರ್ ಕೊಟ್ಟಿಲ್ಲ? ಅವರ ಲೆಕ್ಕವೇ ಬೇರೆ. ಕಳಪೆ ಪೆಟ್ರೋಲ್, ಸುಡುವ ಬಿಸಿಲು, ಬೆಟ್ಟದ ಮೇಲಿನ ತೆಳು ಗಾಳಿ, ಸರ್ವಿಸ್ ಕಡೆ ತಲೆಯೇ ಹಾಕದ ಮಾಲೀಕ, ಹೊಗೆ ನಿಯಮ, ವಾರಂಟಿ, ಎಲ್ಲವನ್ನೂ ಒಂದೇ ಮ್ಯಾಪ್ ತಡೆದುಕೊಳ್ಳಬೇಕು. ಒಂದೇ ಎಂಜಿನ್ನನ್ನು ಬೇರೆ ಬೇರೆ ಪವರ್‌ನಲ್ಲಿ, ಬೇರೆ ಬೇರೆ ಮಾಡೆಲ್‌ಗಳಲ್ಲಿ ಮಾರುವುದೂ ಇದೆ. ಹೀಗೆ ಬಿಟ್ಟ ಅಂತರವನ್ನು ಟ್ಯೂನರ್ ಬಳಸಿಕೊಳ್ಳುತ್ತಾನೆ. ಆ ಅಂತರ ಸುಮ್ನೆ ಬಿಟ್ಟಿದ್ದಲ್ಲ. ನೀವು ಅದನ್ನು ತಿಂದಷ್ಟೂ, ಪೆಟ್ರೋಲ್ ಮತ್ತು ಸರ್ವಿಸ್ ಬಗ್ಗೆ ನೀವೇ ಹುಷಾರಾಗಿರಬೇಕು.

ಎಷ್ಟು ಬಗೆಯ ಡಿವೈಸ್‌ಗಳಿವೆ?

ಮೊದಲನೆಯದು ಕೈಯಲ್ಲಿ ಹಿಡಿಯುವ ಫ್ಲ್ಯಾಶ್ ಟ್ಯೂನರ್. ಕಾಬ್ ಆಕ್ಸೆಸ್‌ಪೋರ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. ಸ್ಟಿಯರಿಂಗ್ ಕೆಳಗೆ, ಕಾರಿನ ದೋಷ ಪತ್ತೆಗೆಂದು ಇರುವ ಒಬಿಡಿ ಪೋರ್ಟ್‌ಗೆ ಸಿಕ್ಕಿಸಿ, ಮ್ಯಾಪ್ ಆರಿಸಿದರೆ ಇಸಿಯು ಒಳಗಿನ ಹಳೆಯ ಕೋಷ್ಟಕಗಳ ಜಾಗದಲ್ಲಿ ಹೊಸವು ಕೂರುತ್ತವೆ. ಲ್ಯಾಪ್‌ಟಾಪ್ ಬೇಕಿಲ್ಲ. ಗೇಜ್ ತರ ಡ್ಯಾಶ್‌ಬೋರ್ಡ್ ಮೇಲೆ ಇಟ್ಟುಕೊಳ್ಳಬಹುದು, ಓಡುವಾಗ ಎಂಜಿನ್ ಕೊಡುವ ಸಂಖ್ಯೆಗಳನ್ನು ದಾಖಲಿಸಿಕೊಳ್ಳಬಹುದು (ಇದೇ ಲಾಗ್), ದೋಷದ ಕೋಡ್ ಓದಬಹುದು. ಮೊದಲ ಸಲ ಟ್ಯೂನ್ ಮಾಡಿಸುವವರಿಗೆ ನಾನು ಹೇಳುವುದು ಇದನ್ನೇ.

ಎರಡನೆಯದು ಲ್ಯಾಪ್‌ಟಾಪ್ ಜೊತೆ ಕೆಲಸ ಮಾಡುವ ಇಂಟರ್‌ಫೇಸ್. ಎಚ್‌ಪಿ ಟ್ಯೂನರ್ಸ್, ಇಕ್ಯುಟೆಕ್, ಹೊಂಡಾ ಕಾರುಗಳಿಗೆ ಹೊಂಡೇಟಾ ಫ್ಲ್ಯಾಶ್‌ಪ್ರೊ ಈ ಗುಂಪಿಗೆ ಸೇರುತ್ತವೆ. ಎಚ್‌ಪಿ ಟ್ಯೂನರ್ಸ್, ಫ್ಲ್ಯಾಶ್‌ಪ್ರೊ ತರದವುಗಳಲ್ಲಿ ಕೋಷ್ಟಕಗಳನ್ನು ನೀವೇ ತೆರೆದು ನೋಡಬಹುದು, ಬದಲಿಸಲೂಬಹುದು. ಕಲಿಯುವ ಆಸೆ ಇದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. ಆಸೆ ಇಲ್ಲದಿದ್ದರೆ ತಲೆನೋವು.

ಮೂರನೆಯದು ಪಿಗ್ಗಿಬ್ಯಾಕ್. ಇದು ಇಸಿಯುವನ್ನು ಮುಟ್ಟುವುದೇ ಇಲ್ಲ, ಅದಕ್ಕೆ ಸುಳ್ಳು ಹೇಳುತ್ತದೆ. ಬೂಸ್ಟ್ ಸೆನ್ಸರ್ ಮತ್ತು ಇಸಿಯು ನಡುವೆ ಕೂತು, ನಿಜವಾದ ಬೂಸ್ಟ್ 1.3 ಬಾರ್ ಇದ್ದರೆ "1 ಬಾರ್ ಅಷ್ಟೇ ಇದೆ" ಎಂದು ದಾಟಿಸುತ್ತದೆ. ಇಸಿಯು ಸಾಲದು ಎಂದುಕೊಂಡು ಟರ್ಬೋವನ್ನು ಇನ್ನಷ್ಟು ದುಡಿಸುತ್ತದೆ. ಡೀಸೆಲ್ ಕಾರುಗಳ ಟ್ಯೂನಿಂಗ್ ಬಾಕ್ಸ್ ಇದೇ ಆಟವನ್ನು ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಹೋಗುವ ಇಂಧನದ ಒತ್ತಡ) ಸೆನ್ಸರ್ ಜೊತೆ ಆಡುತ್ತದೆ. ಬಿಎಂಡಬ್ಲ್ಯು ಟರ್ಬೋ ಕಾರುಗಳವರಿಗೆ ಜೆಬಿ4 ಎಂಬ ಪಿಗ್ಗಿಬ್ಯಾಕ್ ಹೆಸರು ಚೆನ್ನಾಗಿ ಗೊತ್ತಿರುತ್ತದೆ.

ನಾಲ್ಕನೆಯದು ಸ್ಟ್ಯಾಂಡ್‌ಅಲೋನ್ ಇಸಿಯು. ಮೋಟೆಕ್, ಹಾಲ್ಟೆಕ್, ಲಿಂಕ್ ತರದವು. ಹಳೆಯ ಮೆದುಳು ತೆಗೆದು ಹೊಸದನ್ನೇ ಕೂರಿಸುವುದು.

ಇವಲ್ಲದೆ, ಡಿವೈಸ್ ಕೊಳ್ಳದೆ ನೇರವಾಗಿ ಟ್ಯೂನರ್ ಹತ್ತಿರ ಹೋಗಿ ಬರೆಸಿಕೊಂಡು ಬರುವುದೂ ಇದೆ. ಕೆಲಸ ಒಳ್ಳೆಯದೇ ಇರಬಹುದು. ಆದರೆ ಕೈಯಲ್ಲಿ ಡಿವೈಸ್ ಇಲ್ಲದಿದ್ದರೆ ಸ್ಟಾಕ್‌ಗೆ, ಅಂದರೆ ಕಂಪನಿ ಕೊಟ್ಟ ಮೂಲ ಮ್ಯಾಪ್‌ಗೆ ಮರಳಲು, ಲಾಗ್ ತೆಗೆಯಲು, ಸಣ್ಣ ತಿದ್ದುಪಡಿಗೂ ಮತ್ತೆ ಅವರ ಬಾಗಿಲಿಗೇ ಹೋಗಬೇಕು.

ಹಾಗಾದರೆ ಆಯ್ಕೆ ಎಲ್ಲಿಂದ ಶುರು ಮಾಡಲಿ?

ನಿಮ್ಮ ಎಂಜಿನ್ ಮತ್ತು ಇಸಿಯು ಜೊತೆ ದಿನವೂ ಒದ್ದಾಡುವ ಟ್ಯೂನರ್‌ನಿಂದ. ಅವರು ಯಾವ ಪ್ಲಾಟ್‌ಫಾರ್ಮ್‌ನಲ್ಲಿ ಕೆಲಸ ಮಾಡುತ್ತಾರೋ ನಿಮ್ಮ ಡಿವೈಸ್ ಅದೇ. ಇಕ್ಯುಟೆಕ್‌ನಲ್ಲಿ ಪಳಗಿದವರಿಗೆ ಬೇರೆ ಡಿವೈಸ್ ಕೊಟ್ಟು ಮ್ಯಾಪ್ ಬರೆಯಿರಿ ಎಂದರೆ ಅವರು ನಿಮ್ಮ ಕಾರಿನ ಮೇಲೆ ಕಲಿಯುತ್ತಾರೆ.

ಆಮೇಲೆ ಸಪೋರ್ಟ್ ಪಟ್ಟಿ. ಇಲ್ಲಿ ಮಾಡೆಲ್ ಹೆಸರು ನೋಡಿ ಸಮಾಧಾನ ಪಡಬೇಡಿ. ಒಂದೇ ಮಾಡೆಲ್, ಒಂದೇ ವರ್ಷ, ಆದರೂ ಎರಡು ದೇಶಗಳಲ್ಲಿ ಮಾರಿದ ಕಾರುಗಳಲ್ಲಿ ಇಸಿಯು ಸಾಫ್ಟ್‌ವೇರ್ ಬೇರೆ ಇರಬಹುದು. ವರ್ಷದ ಮಧ್ಯದಲ್ಲಿ ಇಸಿಯುವೇ ಬದಲಾಗಿರಬಹುದು. ಕಾರು ಕಂಪನಿಗಳು ಬೀಗವನ್ನೂ ಬಿಗಿ ಮಾಡುತ್ತಲೇ ಇವೆ. 2020ರ ಜೂನ್ ನಂತರ ತಯಾರಾದ ಬಿಎಂಡಬ್ಲ್ಯು ಕಾರುಗಳ ಇಸಿಯುಗಳು ಹಳೆಯ ದಾರಿಯಲ್ಲಿ ತೆರೆಯುತ್ತಲೇ ಇರಲಿಲ್ಲ. ಇಸಿಯು ಕಳಚಿ ಅನ್‌ಲಾಕ್ ಮಾಡಿಸಲು ಬೇರೆ ದೇಶಕ್ಕೆ ಕಳಿಸಿದವರಿದ್ದಾರೆ. ಹಾಗಾಗಿ ಇಸಿಯುವಿನ ಹಾರ್ಡ್‌ವೇರ್ ನಂಬರ್, ಸಾಫ್ಟ್‌ವೇರ್ ನಂಬರ್ ಎರಡನ್ನೂ ಬರೆದುಕೊಂಡು, ದುಡ್ಡು ಕೊಡುವ ಮೊದಲೇ "ಇದಕ್ಕೆ ನಡೆಯುತ್ತಾ?" ಎಂದು ಕೇಳಿ. ಉತ್ತರ ಬರಹದಲ್ಲಿ ಇರಲಿ.

ಒಬಿಡಿ ಪೋರ್ಟ್‌ಗೆ ಸಿಕ್ಕಿಸಿದರೆ ತಾನೇ ಕಲಿತು ಪವರ್ ಹೆಚ್ಚಿಸುವ ಚಿಕ್ಕ ಪ್ಲಗ್ ಸಿಗುತ್ತದಲ್ಲ, ಅದು?

ದುಡ್ಡು ದಂಡ. ಅಂಥದ್ದೊಂದನ್ನು ಪರಿಚಯದವರು ಖುಷಿಯಿಂದ ತಂದಿದ್ದರು. ಸ್ಕ್ರೂಡ್ರೈವರ್‌ನಿಂದ ಬಿಚ್ಚಿದೆ. ಒಳಗೆ ಒಂದು ಸಣ್ಣ ಚಿಪ್, ಮೂರು ಎಲ್‌ಇಡಿ, ನಾಲ್ಕೈದು ರೆಸಿಸ್ಟರ್. ಒಬಿಡಿ ಪೋರ್ಟ್‌ನಲ್ಲಿ 16 ಪಿನ್‌ಗಳಿವೆ. ಇಸಿಯು ಜೊತೆ ಮಾತಾಡುವ ಕ್ಯಾನ್ ತಂತಿಗಳು 6 ಮತ್ತು 14ನೇ ಪಿನ್‌ನಲ್ಲಿ ಬರುತ್ತವೆ. 16ರಲ್ಲಿ ಬ್ಯಾಟರಿ ಕರೆಂಟ್, 4 ಮತ್ತು 5ರಲ್ಲಿ ಗ್ರೌಂಡ್. ಈ ಪ್ಲಗ್‌ನಲ್ಲಿ 6 ಮತ್ತು 14ರಿಂದ ಹೊರಟ ಗೆರೆಗಳು ಬೋರ್ಡ್ ಮೇಲೆ ಎಲ್ಲಿಗೂ ಸೇರಿರಲಿಲ್ಲ. ಕರೆಂಟ್ ತಗೊಂಡು ದೀಪ ಮಿಣುಕಿಸುವುದಷ್ಟೇ ಅದರ ಕೆಲಸ. "200 ಕಿಲೋಮೀಟರ್ ಓಡಿಸಿದ ಮೇಲೆ ವ್ಯತ್ಯಾಸ ಗೊತ್ತಾಗುತ್ತದೆ" ಎಂದು ಕವರ್ ಮೇಲೆ ಬರೆದಿತ್ತು. ಅಷ್ಟರಲ್ಲಿ ವಾಪಸ್ ಕೊಡುವ ಅವಧಿ ಮುಗಿದಿರುತ್ತದೆ, ಅಲ್ವಾ?

ಗಾಳಿಯ ಉಷ್ಣಾಂಶದ ಸೆನ್ಸರ್‌ಗೆ ರೆಸಿಸ್ಟರ್ ಸೇರಿಸಿ "ಚಿಪ್" ಎಂದು ಮಾರುವುದೂ ಇದೇ ಜಾತಿ. ಇನ್ನೂ ಕೆಟ್ಟದ್ದು, ಯಾಕೆಂದರೆ ಅದು ನಿಜವಾಗಿಯೂ ಸುಳ್ಳು ಮಾಹಿತಿ ಕೊಡುತ್ತದೆ.

ಪೆಡಲ್ ಬಾಕ್ಸ್?

ಅರ್ಧ ಒತ್ತಿದ ಪೆಡಲನ್ನು ಮುಕ್ಕಾಲು ಒತ್ತಿದಂತೆ ತೋರಿಸುತ್ತದೆ. ಪವರ್ ಒಂದು ಚೂರೂ ಹೆಚ್ಚುವುದಿಲ್ಲ. ಕಾಲು ಜಾಸ್ತಿ ಒತ್ತಿದರೆ ಅದೇ ಪರಿಣಾಮ, ಬಿಟ್ಟಿಯಾಗಿ.

ಎಷ್ಟು ಪವರ್ ಸಿಗುತ್ತದೆ?

ಟರ್ಬೋ ಇಲ್ಲದ ಕಾರಾದರೆ ಆಸೆ ಚಿಕ್ಕದಿರಲಿ. ಗಾಳಿ ಎಷ್ಟು ಒಳಗೆ ಬರಬೇಕೆಂದು ಪಿಸ್ಟನ್ ಗಾತ್ರ, ವಾಲ್ವ್, ಕ್ಯಾಮ್ ನಿರ್ಧಾರ ಮಾಡಿಬಿಟ್ಟಿವೆ. ಬರೀ ಮ್ಯಾಪ್‌ನಿಂದ ನೂರಕ್ಕೆ ಐದರ ಆಸುಪಾಸು ಸಿಕ್ಕರೆ ಸಂತೋಷಪಡಿ. ಥ್ರಾಟಲ್ ಸ್ಪಂದನೆ ಚುರುಕಾಗುವುದು, ಮಧ್ಯದ ಆರ್‌ಪಿಎಂನಲ್ಲಿ ತೂತು ಮುಚ್ಚುವುದು, ಇಂಥವೇ ಅಲ್ಲಿನ ನಿಜವಾದ ಲಾಭ. ಟರ್ಬೋ ಕಾರಿನ ಕಥೆ ಬೇರೆ. ಬೂಸ್ಟ್ ಏರಿಸಿದರೆ ಗಾಳಿ ಹೆಚ್ಚು, ಗಾಳಿ ಹೆಚ್ಚಿದರೆ ಪೆಟ್ರೋಲ್ ಹೆಚ್ಚು, ಹಾಗಾಗಿ ನೂರಕ್ಕೆ 15ರಿಂದ 30ರವರೆಗೂ ಏರುವುದು ಸಾಮಾನ್ಯ.

ಜಾಹೀರಾತಿನಲ್ಲಿ ತೋರಿಸುವ ಅತಿ ಎತ್ತರದ ಸಂಖ್ಯೆಗಿಂತ ಗ್ರಾಫ್ ಮಧ್ಯದಲ್ಲಿ ಏನಾಗಿದೆ ಎಂದು ನೋಡಿ. ಲೆಕ್ಕ ಸುಲಭ: ಟಾರ್ಕ್ ಅನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್. 4,000 ಆರ್‌ಪಿಎಂನಲ್ಲಿ 400 ನ್ಯೂಟನ್ ಮೀಟರ್ ಇದ್ದರೆ ಸುಮಾರು 168 ಕಿಲೋವ್ಯಾಟ್. ಅಲ್ಲೇ 480 ಆದರೆ 201. ರಸ್ತೆಯಲ್ಲಿ ಓವರ್‌ಟೇಕ್ ಮಾಡುವಾಗ ನಿಮಗೆ ಸಿಗುವುದು ಈ 33. ರೆಡ್‌ಲೈನ್ ಹತ್ತಿರ ಒಂದು ಕ್ಷಣ ಕಾಣಿಸಿಕೊಳ್ಳುವ ಎತ್ತರದ ಸಂಖ್ಯೆ ಬೇರೆಯವರಿಗೆ ಹೇಳಿಕೊಳ್ಳಲಿಕ್ಕೆ ಚೆನ್ನಾಗಿರುತ್ತದೆ.

ಡೈನೋ (ಕಾರಿನ ಪವರ್ ಅಳೆಯುವ ಯಂತ್ರ) ಕೊಟ್ಟ ಶೀಟ್ ಹೋಲಿಸುವುದಿದ್ದರೆ ಅದೇ ಡೈನೋ, ಅದೇ ದಿನ, ಅದೇ ಗೇರ್, ಅದೇ ಪೆಟ್ರೋಲ್. ಬೇರೆ ಬೇರೆ ಡೈನೋಗಳ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ವಾದ ಮಾಡುವುದು ವ್ಯರ್ಥ.

ಸ್ಟೇಜ್ 1, ಸ್ಟೇಜ್ 2 ಎಂದರೆ?

ಇದಕ್ಕೆ ಯಾವ ಮಾನದಂಡವೂ ಇಲ್ಲ. ಸಾಮಾನ್ಯವಾಗಿ ಸ್ಟೇಜ್ 1 ಎಂದರೆ ಬಿಡಿಭಾಗ ಏನೂ ಬದಲಿಸದೆ ಬರೀ ಮ್ಯಾಪ್. ಸ್ಟೇಜ್ 2 ಎಂದರೆ ಡೌನ್‌ಪೈಪ್, ಇಂಟೇಕ್, ಇಂಟರ್‌ಕೂಲರ್ ತರದ್ದು. ಸ್ಟೇಜ್ 3 ಎಂದರೆ ದೊಡ್ಡ ಟರ್ಬೋ. ಒಬ್ಬರ ಸ್ಟೇಜ್ 2ಕ್ಕೆ ಬೇಕಾದ ಭಾಗಗಳು ಇನ್ನೊಬ್ಬರ ಸ್ಟೇಜ್ 1 ಪ್ಲಸ್‌ನಲ್ಲಿರುತ್ತವೆ. ಪಟ್ಟಿ ಓದಿ, ಹೆಸರು ಬಿಡಿ. ಟರ್ಬೋದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಮಾತ್ರ ಬೇಗ ಹಾಕಿಸಿ. ಒಂದು ಸಲ ಜೋರಾಗಿ ಓಡಿಸಿದಾಗ ಚಿಗರೆಯಂತೆ ನೆಗೆದ ಕಾರು ಮೂರನೇ ಸಲಕ್ಕೆ ಏದುಸಿರು ಬಿಡುತ್ತಿದ್ದರೆ, ಒಳಗೆ ಹೋಗುವ ಗಾಳಿ ಕಾದಿದೆ, ಇಸಿಯು ಸ್ಪಾರ್ಕನ್ನು ತಡವಾಗಿ ಕೊಡುತ್ತಿದೆ ಎಂದು ಅರ್ಥ.

ಪಿಗ್ಗಿಬ್ಯಾಕ್ ಅಷ್ಟು ಕೆಟ್ಟದ್ದಾ?

ಕೆಟ್ಟದ್ದಲ್ಲ, ಮಿತಿ ಇದೆ. ಇಸಿಯು ಬೀಗ ತೆರೆಯದ ಕಾರಿಗೆ ಅದೊಂದೇ ದಾರಿ. ಹದಿನೈದು ನಿಮಿಷದಲ್ಲಿ ಕಳಚಬಹುದು. ಇಸಿಯು ತಾನೇ ಪೆಟ್ರೋಲ್ ಸರಿಮಾಡಿಕೊಳ್ಳುವ ಹೊಸ ಕಾರುಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಕಾವಲುಗಾರನಿಗೇ ಸುಳ್ಳು ಹೇಳಿ ಮನೆ ಕಾಯಿಸುವಂಥ ವ್ಯವಹಾರ ಅದು. ಬೂಸ್ಟ್ ಮಿತಿ ಮೀರಿದಾಗ ಎಂಜಿನ್ ಉಳಿಸಬೇಕಾದ ಇಸಿಯು, ಮಿತಿ ಮೀರಿದೆ ಎಂದೇ ತಿಳಿಯದೆ ಕೂತಿರುತ್ತದೆ. ಸ್ಪಾರ್ಕ್ ಟೈಮಿಂಗ್ ಕೋಷ್ಟಕ ಹಳೆಯದೇ. ಸಾಧಾರಣ ಮ್ಯಾಪ್‌ನಲ್ಲಿ ಇಟ್ಟುಕೊಂಡರೆ ತೊಂದರೆ ಕಡಿಮೆ. ಅದರ ಅತಿ ಜೋರಿನ ಮ್ಯಾಪ್ ಹಾಕುವ ಮನಸ್ಸಾದರೆ ಫ್ಲ್ಯಾಶ್ ಟ್ಯೂನ್ ಕಡೆ ಹೋಗುವುದು ಒಳ್ಳೆಯದು.

ಡೇಟಾ ಲಾಗ್ ಮಾಡುವ ಸೌಲಭ್ಯ ಇರಲೇಬೇಕಾ?

ಇರಲೇಬೇಕು. ಎರಡು ಡಿವೈಸ್‌ಗಳಲ್ಲಿ ಒಂದನ್ನು ಆರಿಸುವುದಿದ್ದರೆ ನಾನು ಮೊದಲು ನೋಡುವುದು ಇದನ್ನೇ.

ಲಾಗ್ ಎಂದರೆ ಎಂಜಿನ್‌ನ ಇಸಿಜಿ. ಖಾಲಿ, ಸುರಕ್ಷಿತ ಜಾಗದಲ್ಲಿ, ಆಗಲೇ ಬಿಸಿಯಾದ ಎಂಜಿನ್ನಿನಲ್ಲಿ, ಮೂರನೇ ಗೇರ್‌ನಲ್ಲಿ 2,500ರಿಂದ 6,500ರವರೆಗೆ ಪೂರ್ತಿ ಥ್ರಾಟಲ್ ಕೊಟ್ಟು ಒಂದು ಸಲ ಎಳೆಯಬೇಕು. ಏಳೆಂಟು ಸೆಕೆಂಡ್‌ನ ಕೆಲಸ. ಆಮೇಲೆ ಫೈಲ್ ತೆರೆದರೆ ಸಾಲು ಸಾಲು ಸಂಖ್ಯೆಗಳು. ಇಂಥ ಒಂದು ಲಾಗ್ ನೋಡಿ, ಹೀಗಿರುತ್ತದೆ: 3,800 ಆರ್‌ಪಿಎಂ, ಬೂಸ್ಟ್ 1.25 ಬಾರ್, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪ್ರಮಾಣದ ಅಳತೆ) 0.84, ನಾಲ್ಕೂ ಸಿಲಿಂಡರ್‌ಗಳ ನಾಕ್ ತಿದ್ದುಪಡಿ ಸೊನ್ನೆ. 4,200ರಲ್ಲಿ ಮೂರನೇ ಸಿಲಿಂಡರ್ ಮಾತ್ರ ಮೈನಸ್ 3 ಡಿಗ್ರಿ. 4,500ರಲ್ಲಿ ಅದೇ ಸಿಲಿಂಡರ್ ಮೈನಸ್ 4.5. ಉಳಿದ ಮೂರೂ ತಣ್ಣಗಿವೆ. ಓಡಿಸುವವನಿಗೆ ಏನೂ ಗೊತ್ತಾಗುವುದಿಲ್ಲ, ಕಾರು ಚೆನ್ನಾಗಿಯೇ ಹಾರುತ್ತಿದೆ. ಆದರೆ ಆ ಸಿಲಿಂಡರ್‌ನಲ್ಲಿ ಸ್ಪಾರ್ಕ್ ಕೊಟ್ಟ ಮೇಲೆ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತಿದೆ (ಇದೇ ನಾಕ್), ಇಸಿಯು ಓಡೋಡಿ ಟೈಮಿಂಗ್ ಕಡಿಮೆ ಮಾಡುತ್ತಿದೆ. ನಾಲ್ಕರಲ್ಲೂ ಹೀಗಾಗಿದ್ದರೆ ಪೆಟ್ರೋಲ್ ಅಥವಾ ಮ್ಯಾಪ್ ಮೇಲೆ ಅನುಮಾನ. ಒಂದರಲ್ಲೇ ಆದರೆ ಆ ಸಿಲಿಂಡರ್‌ನ ಪ್ಲಗ್, ಇಂಜೆಕ್ಟರ್, ಕೂತ ಕಾರ್ಬನ್ ನೋಡಬೇಕು. ಲಾಗ್ ಇಲ್ಲದಿದ್ದರೆ ಇದು ಗೊತ್ತಾಗುವುದು ಪಿಸ್ಟನ್ ಒಡೆದ ದಿನ.

ಲಾಗ್‌ನ ವೇಗವನ್ನೂ ಕೇಳಿ. ಸೆಕೆಂಡಿಗೆ ಮೂರೇ ಸಾಲು ಬರೆಯುವ ಡಿವೈಸ್ ಏಳು ಸೆಕೆಂಡ್‌ನ ಎಳೆತಕ್ಕೆ ಇಪ್ಪತ್ತೊಂದು ಸಾಲು ಕೊಡುತ್ತದೆ. ನಡುವೆ ನಡೆದದ್ದು ತಪ್ಪಿಹೋಗುತ್ತದೆ. ಹತ್ತರ ಮೇಲಿದ್ದರೆ ನೆಮ್ಮದಿ. ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು ಚಾನೆಲ್ ಆರಿಸಿಕೊಂಡರೆ ಕೆಲವು ಕಾರುಗಳಲ್ಲಿ ವೇಗ ಇಳಿದುಬಿಡುತ್ತದೆ, ಹಾಗಾಗಿ ಬೇಕಾದದ್ದಷ್ಟೇ ಆರಿಸಿ: ಆರ್‌ಪಿಎಂ, ಥ್ರಾಟಲ್, ಬೂಸ್ಟ್, ಟೈಮಿಂಗ್, ಪ್ರತಿ ಸಿಲಿಂಡರ್‌ನ ನಾಕ್ ತಿದ್ದುಪಡಿ, ಲ್ಯಾಂಬ್ಡಾ, ಫ್ಯೂಯಲ್ ಟ್ರಿಮ್, ಇಂಟೇಕ್ ಗಾಳಿಯ ಉಷ್ಣಾಂಶ, ಡೈರೆಕ್ಟ್ ಇಂಜೆಕ್ಷನ್ ಆದರೆ ರೈಲ್ ಪ್ರೆಶರ್. ಫ್ಯೂಯಲ್ ಟ್ರಿಮ್ (ಪೆಟ್ರೋಲ್ ಪ್ರಮಾಣಕ್ಕೆ ಇಸಿಯು ತಾನೇ ಮಾಡುವ ತಿದ್ದುಪಡಿ) ನೂರಕ್ಕೆ ಐದರೊಳಗೆ ಆಡುತ್ತಿದ್ದರೆ ಚಿಂತೆ ಇಲ್ಲ. ಹತ್ತು ದಾಟಿದರೆ ಎಲ್ಲೋ ಗಾಳಿ ಸೋರುತ್ತಿದೆ ಅಥವಾ ಏರ್‌ಫ್ಲೋ ಸೆನ್ಸರ್ ಕೊಳೆಯಾಗಿದೆ. ರೈಲ್ ಪ್ರೆಶರ್ ಕೇಳಿದ್ದಕ್ಕಿಂತ ಕೆಳಗೆ ಜಾರುತ್ತಿದ್ದರೆ ಪಂಪ್ ಕೈಚೆಲ್ಲಿದೆ, ಅಲ್ಲಿಂದ ಮೇಲೆ ಒಂದು ಚೂರೂ ಬೂಸ್ಟ್ ಹೆಚ್ಚಿಸಬೇಡಿ.

ವೈಡ್‌ಬ್ಯಾಂಡ್ ಗೇಜ್ ಬೇರೆ ಹಾಕಿಸಬೇಕಾ?

ಪೆಟ್ರೋಲ್‌ಗೆ ಗಾಳಿ 14.7 ಪಾಲು ಇದ್ದರೆ ಲ್ಯಾಂಬ್ಡಾ 1. ಹಳೆಯ ಕಾರುಗಳ ನ್ಯಾರೋಬ್ಯಾಂಡ್ ಸೆನ್ಸರ್ ಈ ಒಂದು ಬಿಂದುವಿನ ಆಚೆಯಾ ಈಚೆಯಾ ಎಂದಷ್ಟೇ ಹೇಳುತ್ತದೆ, ಎಷ್ಟು ದೂರ ಎಂದು ಹೇಳುವುದಿಲ್ಲ. ಪೂರ್ತಿ ಥ್ರಾಟಲ್‌ನಲ್ಲಿ ಟರ್ಬೋ ಕಾರು ಓಡುವುದು 0.80ರಿಂದ 0.90ರ ನಡುವೆ. ಅಲ್ಲಿ ನ್ಯಾರೋಬ್ಯಾಂಡ್ ಕುರುಡು, ವೈಡ್‌ಬ್ಯಾಂಡ್ ಆ ದೂರವನ್ನೂ ಅಳೆಯುತ್ತದೆ. ಹೊಸ ಟರ್ಬೋ ಕಾರುಗಳಲ್ಲಿ ಹೆಚ್ಚಾಗಿ ಕಂಪನಿಯದೇ ವೈಡ್‌ಬ್ಯಾಂಡ್ ಇರುತ್ತದೆ, ಡಿವೈಸ್ ಅದನ್ನು ಓದಿದರೆ ಸಾಕು. ಹಳೆಯ ಕಾರಾದರೆ ಬಾಷ್ ಎಲ್‌ಎಸ್‌ಯು 4.9 ಸೆನ್ಸರ್ ಬಳಸುವ ಗೇಜ್ ಹಾಕಿಸಿ, ಡಿವೈಸ್ ಅದರ ಸಿಗ್ನಲನ್ನೂ ಲಾಗ್‌ಗೆ ಸೇರಿಸಿಕೊಳ್ಳುತ್ತದಾ ಎಂದು ನೋಡಿ.

ಯಾವ ಪೆಟ್ರೋಲ್‌ಗೆ ಮ್ಯಾಪ್ ಬರೆಸಲಿ?

ನಿಮಗೆ ಯಾವಾಗಲೂ ಸಿಗುವ ಪೆಟ್ರೋಲ್‌ಗೆ. ವಾರಕ್ಕೊಮ್ಮೆ ದೂರ ಹೋಗಿ ತರುವ ಪೆಟ್ರೋಲ್‌ಗಲ್ಲ. ಡಿವೈಸ್ ಜೊತೆ ಬರುವ ಮ್ಯಾಪ್ ಯಾವ ಆಕ್ಟೇನ್ (ಪೆಟ್ರೋಲ್ ನಾಕ್ ತಡೆಯುವ ಶಕ್ತಿ) ಲೆಕ್ಕದ್ದು ಎಂದು ಗಮನಿಸಿ. ಅಮೆರಿಕದ ಬಂಕ್‌ನಲ್ಲಿ 93 ಎಂದು ಬರೆದದ್ದು ರಾನ್ ಎಂಬ ಇನ್ನೊಂದು ಆಕ್ಟೇನ್ ಲೆಕ್ಕದಲ್ಲಿ ಸುಮಾರು 98. "93 ಮ್ಯಾಪ್" ಎಂದು ಹೆಸರು ನೋಡಿ 93 ರಾನ್ ಪೆಟ್ರೋಲ್ ಹಾಕಿದರೆ ನಾಕ್ ಗ್ಯಾರಂಟಿ. ಈ ತಪ್ಪು ನಾನು ಕಂಡಷ್ಟು ಸಲ ಬೇರೆ ಯಾವ ತಪ್ಪನ್ನೂ ಕಂಡಿಲ್ಲ.

ಇ85 (ನೂರಕ್ಕೆ 85ರವರೆಗೆ ಎಥನಾಲ್ ಇರುವ ಇಂಧನ) ಬಳಸುವ ಆಸೆ ಇದ್ದರೆ ಡಿವೈಸ್ ಫ್ಲೆಕ್ಸ್ ಫ್ಯೂಯಲ್‌ಗೆ ಸಪೋರ್ಟ್ ಕೊಡುತ್ತದಾ ಕೇಳಿ. ಇ85ಗೆ ಗಾಳಿ 9.8 ಪಾಲಷ್ಟೇ ಸಾಕು, ಅಂದರೆ ಅದೇ ಗಾಳಿಗೆ ಇಂಧನ ತೂಕದಲ್ಲಿ ಸುಮಾರು ಅರ್ಧದಷ್ಟು ಜಾಸ್ತಿ ಬೇಕು. ಪಂಪ್, ಇಂಜೆಕ್ಟರ್ ಎರಡೂ ಅದನ್ನು ತಾಳಬೇಕು. ಸಾಮಾನ್ಯವಾಗಿ ಬಳಸುವ ಎಥನಾಲ್ ಸೆನ್ಸರ್ 50 ಹರ್ಟ್ಜ್‌ನಿಂದ 150 ಹರ್ಟ್ಜ್‌ವರೆಗೆ ಸಿಗ್ನಲ್ ಕಳಿಸುತ್ತದೆ: 50 ಎಂದರೆ ಎಥನಾಲ್ ಇಲ್ಲವೇ ಇಲ್ಲ, 150 ಎಂದರೆ ಪೂರ್ತಿ ಎಥನಾಲ್. ಟ್ಯಾಂಕಿನಲ್ಲಿ ಏನೇ ಬೆರೆತಿರಲಿ, ಇಸಿಯು ಅದಕ್ಕೆ ತಕ್ಕಂತೆ ಮ್ಯಾಪ್ ಹೊಂದಿಸಿಕೊಳ್ಳುತ್ತದೆ.

ಫ್ಲ್ಯಾಶ್ ಮಾಡುವಾಗ ಮಧ್ಯದಲ್ಲಿ ನಿಂತುಹೋದರೆ?

ಇಸಿಯು ಅರ್ಧ ಬರೆದ ಪುಸ್ತಕದಂತಾಗುತ್ತದೆ, ಕಾರು ಸ್ಟಾರ್ಟ್ ಆಗುವುದಿಲ್ಲ. ನನಗೇ ಆಗಿದೆ. ಇಗ್ನಿಷನ್ ಆನ್, ಎಂಜಿನ್ ಆಫ್. ರೇಡಿಯೇಟರ್ ಫ್ಯಾನ್ ಫುಲ್ ಜೋರಾಗಿ ತಿರುಗಲು ಶುರು ಮಾಡಿತು, ಹೆಡ್‌ಲೈಟ್ ಆರಿಸಲು ಮರೆತಿದ್ದೆ. ಬ್ಯಾಟರಿಗೆ ನಾಲ್ಕು ವರ್ಷ ವಯಸ್ಸು. ಸ್ಕ್ರೀನ್ ಮೇಲಿನ ಪ್ರೋಗ್ರೆಸ್ ಬಾರ್ ನೂರಕ್ಕೆ 61ರಲ್ಲಿ ಬಂದು ನಿಂತಿತು. ಆ ಮೌನದಲ್ಲಿ ಫ್ಯಾನ್ ಸದ್ದು ಮಾತ್ರ ಕೇಳುತ್ತಿತ್ತು. ಡಿವೈಸ್‌ನಲ್ಲಿ ರಿಕವರಿ ಮೋಡ್ ಇತ್ತು, ಪಕ್ಕದ ಕಾರಿನ ಬ್ಯಾಟರಿಗೆ ಜಂಪರ್ ಕೊಟ್ಟು ಎರಡನೇ ಪ್ರಯತ್ನದಲ್ಲಿ ಬದುಕಿತು. ಆವತ್ತಿನಿಂದ ಬ್ಯಾಟರಿಗೆ 13 ವೋಲ್ಟ್ ಮೇಲೆ ಸ್ಥಿರವಾಗಿ ಹಿಡಿಯುವ ಸಪ್ಲೈ ಕೊಡದೆ ಫ್ಲ್ಯಾಶ್ ಮಾಡುವುದಿಲ್ಲ. ಅಗ್ಗದ ಚಾರ್ಜರ್ ಬೇಡ, ಅದರ ಕರೆಂಟ್ ಏರಿಳಿಯುತ್ತದೆ. ಲೈಟು, ಎಸಿ, ಸ್ಟೀರಿಯೋ ಎಲ್ಲ ಆಫ್. ಬ್ಲೂಟೂತ್ ಅಲ್ಲ, ತಂತಿ.

ಕೊಳ್ಳುವಾಗ ಕೇಳಬೇಕಾದ್ದು: ಅರ್ಧಕ್ಕೆ ನಿಂತರೆ ಡಿವೈಸ್ ತಾನೇ ಮರಳಿ ಬರೆಯುತ್ತದಾ, ಇಲ್ಲ ಇಸಿಯು ಬಿಚ್ಚಿ ಬೆಂಚ್ ಮೇಲೆ ಇಡಬೇಕಾ?

ಸೆಕೆಂಡ್ ಹ್ಯಾಂಡ್ ಡಿವೈಸ್ ತಗೊಳ್ಳಬಹುದಾ?

ಹಳೆಯ ಕಾರಿನಿಂದ ಬಿಡಿಸಿದ್ದಾದರೆ ತಗೊಳ್ಳಬಹುದು. ಹೆಚ್ಚಿನ ಡಿವೈಸ್‌ಗಳು ಮೊದಲ ಸಲ ಫ್ಲ್ಯಾಶ್ ಮಾಡಿದ ಕಾರಿನ ವಿಐಎನ್‌ಗೆ (ಆ ಕಾರಿನ ಗುರುತಿನ ಸಂಖ್ಯೆಗೆ) ಅಂಟಿಕೊಳ್ಳುತ್ತವೆ. ಹಳೆಯ ಮಾಲೀಕ ಕಾರನ್ನು ಸ್ಟಾಕ್‌ಗೆ ಮರಳಿಸಿ ಅನ್‌ಇನ್‌ಸ್ಟಾಲ್ ಮಾಡದಿದ್ದರೆ ಅದು ಬೇರೆ ಕಾರಿಗೆ ಬರೀ ಕೋಡ್ ರೀಡರ್. ಕಾರು ಮಾರಿಬಿಟ್ಟು ಡಿವೈಸ್ ಉಳಿಸಿಕೊಂಡವರ ಹತ್ತಿರ ಇರುವುದು ಹೆಚ್ಚಾಗಿ ಇಂಥದ್ದೇ. ಎಚ್‌ಪಿ ಟ್ಯೂನರ್ಸ್‌ನಲ್ಲಿ ಲೆಕ್ಕ ಬೇರೆ, ಅಲ್ಲಿ ಪ್ರತಿ ಕಾರಿಗೂ ಕ್ರೆಡಿಟ್ ಕೊಳ್ಳಬೇಕು. ದುಡ್ಡು ಕೊಡುವ ಮೊದಲು ಡಿವೈಸ್ ಆನ್ ಮಾಡಿಸಿ, ಸ್ಥಿತಿ ಏನು ತೋರಿಸುತ್ತದೆ ಎಂದು ಫೋಟೋ ತರಿಸಿಕೊಳ್ಳಿ. ಸೀರಿಯಲ್ ನಂಬರ್ ಕೊಟ್ಟು ತಯಾರಕರನ್ನೇ ಕೇಳಿದರೆ ಇನ್ನೂ ಒಳ್ಳೆಯದು.

ಸ್ಟಾಕ್‌ಗೆ ಮರಳಿಸಿದರೆ ಸರ್ವಿಸ್ ಸೆಂಟರ್‌ಗೆ ಗೊತ್ತಾಗುತ್ತದಾ?

ಗೊತ್ತಾಗಬಹುದು. ಎಷ್ಟು ಸಲ ಬರೆದಿದೆ ಎಂದು ಅನೇಕ ಇಸಿಯುಗಳು ಎಣಿಸಿಡುತ್ತವೆ. ಪ್ರತಿ ಸಾಫ್ಟ್‌ವೇರ್‌ಗೂ ಸಿವಿಎನ್ ಎಂಬ ಗುರುತಿನ ಸಂಖ್ಯೆ ಇರುತ್ತದೆ, ಒಂದು ಚೌಕ ಬದಲಿಸಿದರೂ ಲೆಕ್ಕ ಬದಲಾಗುತ್ತದೆ. ಫೋಕ್ಸ್‌ವ್ಯಾಗನ್, ಆಡಿ ಕಾರುಗಳವರು ಟಿಡಿ1 ಎಂಬ ಎರಡಕ್ಷರ, ಒಂದು ಅಂಕಿಗೆ ಹೆದರುವುದು ಇದಕ್ಕೇ. ಸಾಫ್ಟ್‌ವೇರ್ ಬದಲಾಗಿದೆ ಎಂದು ಆ ಕಾರಿನ ದಾಖಲೆಗೆ ಬೀಳುವ ಗುರುತು ಅದು. ವಾರಂಟಿ ಮುಖ್ಯ ಎನಿಸಿದರೆ ವಾರಂಟಿ ಮುಗಿಯುವವರೆಗೆ ಕಾಯಿರಿ. "ಯಾರಿಗೂ ಗೊತ್ತಾಗಲ್ಲ" ಎಂದು ಮಾರುವವರ ಮಾತು ನಂಬಿ ಗೇರ್‌ಬಾಕ್ಸ್ ಕ್ಲೇಮ್‌ಗೆ ಹೋಗಬೇಡಿ. ಇನ್ಶೂರೆನ್ಸ್ ಕಂಪನಿಗೂ ತಿಳಿಸಿಬಿಡಿ. ಇನ್ನೊಂದು ಮಾತು: ಸರ್ವಿಸ್‌ನಲ್ಲಿ ಅವರು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ನಿಮ್ಮ ಮ್ಯಾಪ್ ಅಳಿಸಿಹೋಗುತ್ತದೆ, ಕೆಲವು ಸಲ ಡಿವೈಸ್‌ಗೆ ಆ ಹೊಸ ಸಾಫ್ಟ್‌ವೇರ್ ಗೊತ್ತೇ ಇರುವುದಿಲ್ಲ.

ಹೊಗೆ ನಿಯಮದ ತೊಂದರೆ ಬರುತ್ತದಾ?

ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು, ಅದರ ಹಿಂದಿನ ಸೆನ್ಸರ್‌ನ ಕೋಡ್ ಮುಚ್ಚುವ ಮ್ಯಾಪ್ ಹಾಕಿದರೆ ಬರುತ್ತದೆ, ಬರಬೇಕು ಕೂಡ. ಅಮೆರಿಕದ ಕ್ಲೀನ್ ಏರ್ ಕಾಯ್ದೆಯ ಕೆಳಗೆ ಹೀಗೆ ಮಾಡುವ ಡಿವೈಸ್ ಮಾರುವುದೇ ಕಾನೂನುಬಾಹಿರ. ಕ್ಯಾಲಿಫೋರ್ನಿಯಾದಲ್ಲಿ 2021ರ ಜುಲೈನಿಂದ ಹೊಗೆ ಪರೀಕ್ಷೆಯ ಜೊತೆಗೆ ಇಸಿಯು ಸಾಫ್ಟ್‌ವೇರ್ ಬದಲಾಗಿದೆಯಾ ಎಂದೂ ನೋಡುತ್ತಾರೆ. ಅಲ್ಲಿ ಕಾನೂನುಬದ್ಧ ಎನಿಸಿಕೊಳ್ಳಲು ಡಿವೈಸ್‌ಗೆ ಕಾರ್ಬ್ ಎಂಬ ಅಲ್ಲಿನ ವಾಯು ನಿಯಂತ್ರಣ ಸಂಸ್ಥೆಯ ಅನುಮತಿ ಸಂಖ್ಯೆ ಇರಬೇಕು. ಕ್ಯಾಟ್ ಇಟ್ಟುಕೊಂಡೇ ಒಳ್ಳೆಯ ಸ್ಟೇಜ್ 1 ಮಾಡಬಹುದು.

ಎಕ್ಸಾಸ್ಟ್‌ನಲ್ಲಿ ಪಟಪಟ ಸಿಡಿಸುವ ಮ್ಯಾಪ್ ಕೇಳುವವರಿಗೆ ನನ್ನ ಉತ್ತರ ಚಿಕ್ಕದು: ಬೇಡ. ಉರಿಯದ ಪೆಟ್ರೋಲನ್ನು ಬಿಸಿ ಪೈಪಿಗೆ ಸುರಿದು ಸಿಡಿಸುವುದು ಅದು. ಕ್ಯಾಟ್ ಸುಟ್ಟುಹೋಗುತ್ತದೆ, ಅಕ್ಕಪಕ್ಕದವರ ನಿದ್ದೆಯೂ.

ಕ್ಲಚ್, ಗೇರ್‌ಬಾಕ್ಸ್ ತಡೆಯುತ್ತವಾ?

ಎಂಜಿನ್ ಹೆಚ್ಚಾಗಿ ತಡೆಯುತ್ತದೆ, ಮೊದಲು ಜಾರುವುದು ಕ್ಲಚ್. ಐದನೇ ಗೇರ್‌ನಲ್ಲಿ ಕಡಿಮೆ ವೇಗದಿಂದ ಫುಲ್ ಥ್ರಾಟಲ್ ಕೊಟ್ಟಾಗ ಆರ್‌ಪಿಎಂ ನೆಗೆದು ಕಾರು ನೆಗೆಯದಿದ್ದರೆ ಕ್ಲಚ್ ಜಾರುತ್ತಿದೆ. ಆಟೋಮ್ಯಾಟಿಕ್ ಮತ್ತು ಡ್ಯುಯಲ್ ಕ್ಲಚ್ ಕಾರುಗಳಲ್ಲಿ ಗೇರ್‌ಬಾಕ್ಸ್‌ಗೆ ಅದರದೇ ಕಂಪ್ಯೂಟರ್, ಟಿಸಿಯು ಇದೆ, ಅದಕ್ಕೊಂದು ಟಾರ್ಕ್ ಮಿತಿಯೂ ಇದೆ. ಎಂಜಿನ್ 480 ನ್ಯೂಟನ್ ಮೀಟರ್ ಕೊಟ್ಟರೂ ಟಿಸಿಯು 420ಕ್ಕೆ ತಡೆದರೆ ನೀವು ಕೊಟ್ಟ ದುಡ್ಡಿನ ಒಂದು ಭಾಗ ಮಾತ್ರ ರಸ್ತೆಗೆ ಇಳಿಯುತ್ತದೆ. ಡಿವೈಸ್ ಟಿಸಿಯುವನ್ನೂ ಟ್ಯೂನ್ ಮಾಡುತ್ತದಾ ಎಂದು ಕೇಳುವುದು ಅದಕ್ಕೇ.

ಚಿಕ್ಕ ಟರ್ಬೋ, ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಇದ್ದರೆ 2,000 ಆರ್‌ಪಿಎಂ ಕೆಳಗೆ ದೊಡ್ಡ ಟಾರ್ಕ್ ಕೇಳಬೇಡಿ. ಸ್ಪಾರ್ಕ್‌ಗೂ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಕಾಯಿಲೆ ಇರುವುದು ಆ ಜಾಗದಲ್ಲೇ. 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯ ಆಯಿಲ್‌ಗೆ ಇದನ್ನು ತಡೆಯುವ ಪರೀಕ್ಷೆಯೇ ಇದೆ. ಒಳ್ಳೆಯ ಟ್ಯೂನರ್ ಕೆಳಗಿನ ಟಾರ್ಕನ್ನು ನಿಧಾನವಾಗಿ ಏರಿಸುತ್ತಾನೆ. ಗ್ರಾಫ್ ಗೋಡೆಯಂತೆ ನೆಟ್ಟಗೆ ನಿಂತಿದ್ದರೆ ನನಗೆ ಭಯ.

ಸ್ಪೀಡ್ ಲಿಮಿಟರ್ ತೆಗೆಸಬಹುದಾ?

ಮೊದಲು ಟೈರ್ ಪಕ್ಕ ಬಗ್ಗಿ ಅಕ್ಷರ ಓದಿ. ಎಚ್ ಇದ್ದರೆ 210, ವಿ ಇದ್ದರೆ 240, ಡಬ್ಲ್ಯು ಇದ್ದರೆ 270, ವೈ ಇದ್ದರೆ 300 ಕಿಲೋಮೀಟರ್. ಕಂಪನಿ ಲಿಮಿಟರ್ ಇಟ್ಟದ್ದು ಎಷ್ಟೋ ಸಲ ಈ ಅಕ್ಷರ ನೋಡಿಯೇ. ಟ್ರ್ಯಾಕ್‌ಗೆ ಹೋಗದವರಿಗೆ ಇದರ ಅಗತ್ಯವೇ ಇಲ್ಲ.

ಸ್ಟ್ಯಾಂಡ್‌ಅಲೋನ್ ಯಾರಿಗೆ?

ಎಂಜಿನ್ ಬದಲಿಸಿದವರಿಗೆ, ರೇಸ್ ಕಾರಿಗೆ, ಒಬಿಡಿ ಇಲ್ಲದ ಹಳೆಯ ಕಾರಿಗೆ. ದಿನವೂ ಓಡಿಸುವ ಹೊಸ ಕಾರಿಗೆ ಬೇಡ. ಕೋಲ್ಡ್ ಸ್ಟಾರ್ಟ್, ಎಸಿ ಹಾಕಿದಾಗ ಐಡಲ್, ಎಬಿಎಸ್ ಜೊತೆ ಮಾತು, ಇವೆಲ್ಲ ಕಂಪನಿಯವರು ವರ್ಷಗಟ್ಟಲೆ ಕೂತು ಸರಿಮಾಡಿದ್ದು. ಅದನ್ನೆಲ್ಲ ನೀವು ಮೊದಲಿನಿಂದ ಮಾಡಬೇಕು.

ಡೈನೋ ಟ್ಯೂನಾ, ದೂರದಿಂದ ಕಳಿಸುವ ಇ-ಟ್ಯೂನಾ?

ಸ್ಟಾಕ್ ಭಾಗಗಳಿರುವ ಕಾರಿಗೆ ಇ-ಟ್ಯೂನ್ ಸಾಕು. ನೀವು ಲಾಗ್ ಕಳಿಸುತ್ತೀರಿ, ಅವರು ಮ್ಯಾಪ್ ತಿದ್ದಿ ಕಳಿಸುತ್ತಾರೆ, ನಾಲ್ಕೈದು ಸುತ್ತಿನಲ್ಲಿ ಮುಗಿಯುತ್ತದೆ. ದೊಡ್ಡ ಟರ್ಬೋ, ಹೊಸ ಇಂಜೆಕ್ಟರ್ ಹಾಕಿದ್ದರೆ ಡೈನೋ ಮೇಲೆ ಮಾಡಿಸಿ. ಟ್ಯೂನರ್‌ನ ಅಳೆಯುವುದು ಸುಲಭ: ಮೊದಲ ಮಾತಿನಲ್ಲೇ ಎಷ್ಟು ಹಾರ್ಸ್‌ಪವರ್ ಬೇಕು ಎಂದು ಕೇಳಿದರೆ ಅನುಮಾನಿಸಿ. ಪ್ಲಗ್ ಯಾವಾಗ ಬದಲಿಸಿದ್ದೀರಿ, ಯಾವ ಪೆಟ್ರೋಲ್ ಹಾಕುತ್ತೀರಿ, ಸ್ಟಾಕ್ ಮ್ಯಾಪ್‌ನಲ್ಲೇ ಒಂದು ಲಾಗ್ ಕಳಿಸಿ ಎಂದು ಕೇಳಿದರೆ ಅವರನ್ನು ಬಿಡಬೇಡಿ.

ಡಿವೈಸ್ ಬಂದಿದೆ. ಇವತ್ತೇ ಫ್ಲ್ಯಾಶ್ ಮಾಡಲಾ?

ಇವತ್ತು ಬೇಡ. ಜುಟ್ಟಿಗೆ ಮಲ್ಲಿಗೆ ಮುಡಿಸುವ ಮೊದಲು ಹೊಟ್ಟೆಗೆ ಹಿಟ್ಟಿದೆಯಾ ನೋಡಿ. ಹೊಸ ಸ್ಪಾರ್ಕ್ ಪ್ಲಗ್ ಹಾಕಿ, ಟ್ಯೂನರ್ ಹೇಳಿದಷ್ಟು ಗ್ಯಾಪ್ ಇಡಿ. ಬೂಸ್ಟ್ ಹೆಚ್ಚಿದಾಗ ದೊಡ್ಡ ಗ್ಯಾಪ್‌ನಲ್ಲಿ ಸ್ಪಾರ್ಕ್ ಆರಿಹೋಗುತ್ತದೆ, ಹಾಗಾಗಿ 0.8 ಮಿಲಿಮೀಟರ್ ಇದ್ದದ್ದನ್ನು 0.6ಕ್ಕೆ ಇಳಿಸುವುದು ಸಾಮಾನ್ಯ. ಆಯಿಲ್ ಬದಲಿಸಿ. ಬೂಸ್ಟ್ ಪೈಪ್‌ಗಳಿಗೆ ಹೊಗೆ ಬಿಟ್ಟು ಸೋರಿಕೆ ಪರೀಕ್ಷಿಸಿ. ಹಳೆಯ ಕಾರಾದರೆ ಕಂಪ್ರೆಷನ್ ನೋಡಿಸಿ. ಡಿವೈಸ್ ಸಿಕ್ಕಿಸಿ, ಕೋಡ್ ಏನಾದರೂ ಇವೆಯಾ ಓದಿ. ಸ್ಟಾಕ್ ಫೈಲನ್ನು ಓದಿ ಉಳಿಸಲು ಡಿವೈಸ್ ಬಿಟ್ಟರೆ, ಎರಡು ಕಡೆ ಉಳಿಸಿಡಿ. ಆಮೇಲೆ ಸ್ಟಾಕ್ ಮ್ಯಾಪ್‌ನಲ್ಲೇ ಒಂದು ವಾರ ಓಡಿಸಿ, ಮೂರು ಲಾಗ್ ತೆಗೆಯಿರಿ. ಮುಂದೆ ಯಾವತ್ತಾದರೂ 4,200ರಲ್ಲಿ ಮೂರನೇ ಸಿಲಿಂಡರ್ ಮೈನಸ್ 3 ತೋರಿಸಿದರೆ, ಅದು ಟ್ಯೂನ್‌ಗೆ ಮೊದಲೂ ಹಾಗೇ ಇತ್ತಾ ಎಂದು ನೋಡಲು ನಿಮ್ಮ ಹತ್ತಿರ ಆ ಮೂರು ಫೈಲ್‌ಗಳಿರುತ್ತವೆ.